ಮಾಲೆ ತೆಗೆಯುವ ದಿನ

ನಮ್ಮ ಮನೆಯಲ್ಲಿ ವರ್ಷಕ್ಕೆ ಒಂದೂವರೆ ತಿಂಗಳು ಮಾತ್ರ ಎಲ್ಲರೂ ಕಣ್ತುಂಬ ನಿದ್ದೆ ಮಾಡುತ್ತಿದ್ದೆವು. ಅಪ್ಪ ಅಯ್ಯಪ್ಪನ ಮಾಲೆ ಹಾಕಿಕೊಳ್ಳುತ್ತಿದ್ದ ದಿನಗಳವು. ಅಪ್ಪನ ಕೆಲಸ ಶಿಡ್ಲಘಟ್ಟದ ಒಂದು ಫಿಲೇಚರ್‌ನಲ್ಲಿ, ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕಡೆ. ಉಳಿದ ದಿನಗಳಲ್ಲಿ ಕೆಲಸ ಮುಗಿದರೆ ನೆಟ್ಟಗೆ ವೈನ್ ಶಾಪಿಗೆ. ಮಾಲೆ ಕೊರಳಿಗೆ ಬಿದ್ದರೆ ತಣ್ಣೀರು ಸ್ನಾನ, ಕಪ್ಪು ಪಂಚೆ, ಹಣೆತುಂಬ ವಿಭೂತಿ. ಆಗ ನಾವು ಅಪ್ಪ ಅನ್ನುವಂತಿರಲಿಲ್ಲ, ಸ್ವಾಮಿ ಅನ್ನಬೇಕು. ನಿಜ ಹೇಳಬೇಕೆಂದರೆ ನನಗೆ ಅಪ್ಪನಿಗಿಂತ ಆ ಸ್ವಾಮಿಯೇ ಇಷ್ಟ. ಸ್ವಾಮಿ ಊಟದ ತಟ್ಟೆ ಎಸೆಯುತ್ತಿರಲಿಲ್ಲ.

ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದ ಸಂಜೆಯೇ ಮತ್ತೆ ಅದೇ ಹಾಳು ಕಥೆ. ಆದರೂ ಅಮ್ಮ ಕಂಡಕಂಡವರಿಗೆ ಹೇಳುತ್ತಿದ್ದಳು, "ಬಿಡಕ್ಕಾಗಲ್ಲ ಅಂತೇನಿಲ್ಲ, ಮಾಲೆ ಹಾಕ್ದಾಗ ಮುಟ್ಟೋದೇ ಇಲ್ಲ ನೋಡಿ." ಡಾಕ್ಟರಿಗೆ ತೋರಿಸೋಣ ಎಂದರೆ ನನ್ನ ಮೇಲೇ ರೇಗುತ್ತಿದ್ದಳು. "ಗಂಡನ್ನ ಹುಚ್ಚರ ಡಾಕ್ಟ್ರ ಹತ್ರ ಕರ್ಕೊಂಡ್ ಹೋದೋಳು ಅನ್ನಿಸ್ಕೊಳ್ಳಲೇನೇ?" ಹೇಳಿ ಹೇಳಿ ಸಾಕಾಗಿ ನಾನೂ ಬಾಯಿ ಮುಚ್ಚಿಕೊಂಡೆ.

ಬರಬರುತ್ತಾ ಕುಡಿತ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಶುರುವಾಗುವ ಮಟ್ಟಕ್ಕೆ ಬಂತು. ಅಂಥ ಒಂದು ವರ್ಷವೂ ಅಪ್ಪ ಮಾಲೆ ಹಾಕಿಕೊಂಡ. ಆಮೇಲೆ ಒಂದು ತೊಟ್ಟೂ ಮುಟ್ಟಲಿಲ್ಲ. ಮಾರನೆಯ ದಿನ ಮಂಗಳಾರತಿ ತಟ್ಟೆ ಹಿಡಿದ ಕೈ ಗಡಗಡ ನಡುಗುತ್ತಿತ್ತು. ತಣ್ಣೀರಿನ ಚಳಿ, ಅಂದಳು ಅಮ್ಮ. ಅದರ ಮಾರನೆಯ ಸಂಜೆ ನಮ್ಮ ಬೀದಿಯ ಭಜನೆ ಚಪ್ಪರದಲ್ಲಿ ಅಪ್ಪ ಇದ್ದಕ್ಕಿದ್ದಂತೆ ನೆಲಕ್ಕೆ ಬಿದ್ದು ಒದ್ದಾಡತೊಡಗಿದ. "ಸ್ವಾಮಿ ಮೈಮೇಲೆ ಬಂದವ್ರೆ!" ಎಂದು ಯಾರೋ ಕೂಗಿದರು. ಶರಣು ಘೋಷ ಏರಿತು. ಕರ್ಪೂರ ಹೊತ್ತಿಸಿದರು. ಅಮ್ಮ ಕೈಮುಗಿದು ಆನಂದದಿಂದ ಅಳುತ್ತಿದ್ದಳು. ನನಗೆ ಕಂಡದ್ದು ಬಾಯಂಚಿನ ನೊರೆ.

ಅಪ್ಪನ ಫಿಲೇಚರ್‌ನ ಮಾಲೀಕರ ಮನೆ ನಮ್ಮ ಎದುರಿಗೇ. ಭಾಯ್ ಎನ್ನುತ್ತಿದ್ದೆವು. ಗದ್ದಲ ಕೇಳಿ ಬಂದವರು ಒಂದು ಸಲ ನೋಡಿ ಜನರನ್ನು ಸರಿಸಿದರು. "ದೇವ್ರಲ್ಲಮ್ಮಾ ಇದು. ನಮ್ ತಮ್ಮಂಗೂ ಹಿಂಗೇ ಆಗಿತ್ತು. ಇವ್ನು ಕುಡಿಯೋದು ಒಂದೇ ಸಲಕ್ಕೆ ನಿಲ್ಸಿದಾನೆ. ಕಾರ್ ತೆಗೀತೀನಿ, ಎತ್ರಿ."

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅದನ್ನೇ ಅಮ್ಮನಿಗೆ ಬಿಡಿಸಿ ಹೇಳಿದರು. ಈ ಮಟ್ಟದ ಕುಡಿತವನ್ನು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರುತ್ತದೆ, ಜೀವವೂ ಹೋಗಬಹುದು. ಔಷಧಿ ಕೊಟ್ಟೇ ಬಿಡಿಸಬೇಕು. ಮಾಲೆ ಹಾಕಿಸಿದ್ದ ಗುರುಸ್ವಾಮಿ ವಾರ್ಡಿಗೇ ಬಂದು ಅದನ್ನು ತೆಗೆದರು. "ಅಯ್ಯಪ್ಪಂಗೆ ಅರ್ಥ ಆಗುತ್ತೆ ಬಿಡಮ್ಮ," ಅಂದರು. ಎಷ್ಟು ಒಳ್ಳೆಯ ಮನುಷ್ಯ.

ಅಮ್ಮನ ಪ್ರಶ್ನೆ ಒಂದೇ. "ಎಷ್ಟ್ ದಿನ ಬರ್ಬೇಕು ಮೇಡಂ?"

"ಬರ್ತಾ ಇರಿ."

ಅಮ್ಮನಿಗೆ ಆ ಮಾತಿನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. "ಅಯ್ಯಪ್ಪನಾದ್ರೂ ಒಂದು ಮಂಡಲ ಅಂತಾನೆ. ಇವ್ರದ್ದು ಕೊನೆ ಮೊದಲು ಇಲ್ವೇನೇ?"

ಹೋಗುತ್ತಲೇ ಇದ್ದೇವೆ. ಬಸ್ಸು, ಚೀಟಿ, ಬೆಂಚು, ಮಾತ್ರೆ. ಮನೆಯವರನ್ನೂ ಕೂರಿಸಿ ಮಾತಾಡಿಸುತ್ತಾರೆ. ಎಸೆದ ತಟ್ಟೆಗಳ ವಿಷಯ ಅಮ್ಮ ಹೊರಗಿನವರ ಮುಂದೆ ಮೊದಲು ಬಾಯಿಬಿಟ್ಟದ್ದು ಅಲ್ಲೇ. ನಡುವೆ ಅಪ್ಪ ಮತ್ತೆ ಕುಡಿದ. ನಾನು ಬಾಯಿಗೆ ಬಂದಂತೆ ಬೈದೆ. ಡಾಕ್ಟರಮ್ಮ ಬೈಯಲಿಲ್ಲ, ಮತ್ತೆ ಶುರು ಮಾಡೋಣ ಅಂದರು. ಇನ್ನೊಂದು ಸಲ ಕುಡಿದ. ಆಗಲೂ ಅದನ್ನೇ ಅಂದರು. ಅವರಿಗೆ ಆ ತಾಳ್ಮೆ ಎಲ್ಲಿಂದ ಬರುತ್ತದೋ, ನನಗಂತೂ ಸುಸ್ತಾಗಿದೆ.

ಈ ವರ್ಷ ಬೀದಿಯಲ್ಲಿ ಚಪ್ಪರ ಎದ್ದ ದಿನ ಅಮ್ಮ ಪೇಟೆಯಿಂದ ಹೊಸ ಮಾಲೆ ತಂದು ಅಪ್ಪನ ಮುಂದಿಟ್ಟಳು. "ಮಾತ್ರೆನೂ ನುಂಗಿ, ಇದನ್ನೂ ಹಾಕ್ಕೊಳ್ಳಿ. ಒಂದೂವರೆ ತಿಂಗ್ಳಾದ್ರೂ ನೆಮ್ಮದಿಯಾಗಿ ಮಲಗ್ತೀನಿ. ಸಾಕಾಗೋಗಿದೆ ಕಣ್ರೀ."

ಸುಳ್ಳೇಕೆ, ನನಗೂ ಆಸೆ ಹುಟ್ಟಿತು. ಅಪ್ಪ ಮಾಲೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡ. ಹಾಕಿಕೊಂಡೇಬಿಟ್ಟ ಎಂದುಕೊಂಡೆ. ಎದ್ದು ಹೋಗಿ ದೇವರ ಗೂಡಿನಲ್ಲಿಟ್ಟು, ಬಂದು ಅಮ್ಮನ ಪಕ್ಕ ಕೂತ.

"ಬೇಡ ಕಣೇ," ಅಂದ. "ಹಾಕ್ಕೊಂಡ್ರೆ ಒಂದಿನ ತೆಗೀಬೇಕಾಗುತ್ತೆ."