ಮೂವತ್ತೆರಡನೇ ತಾರೀಖು

ನಿನ್ನೆ ಘಾಟ್ಕೋಪರ್‌ನ ಆಫೀಸಿನಲ್ಲಿ ಹಳೆಯ ಸರ್ವರ್‌ನ ಫೈಲುಗಳನ್ನು ಹೊಸದಕ್ಕೆ ಸಾಗಿಸುತ್ತಿದ್ದೆ. ಒಂದು ಫೈಲಿನ ಮೇಲಿನ ಸಂಖ್ಯೆ ಮೂವತ್ತೆರಡರಿಂದ ಶುರುವಾಗಿತ್ತು. ನೋಡಿದ್ದೇ ತಡ, ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಕಿಟಕಿಗೆ ಹೋದೆ, ಮತ್ತೆ ಬಂದೆ... ಅದು ಆಪಾ ಬರೆದದ್ದು.

ವೆಬ್‌ಸೈಟಿನ ಹೆಸರು ಕೇಳಿದವರಿಗೆ ಅದು ಯಾವ ಯಂತ್ರದಲ್ಲಿದೆ ಎಂದು ತಿಳಿಸುವ ಸರ್ವರ್‌ಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಅವು ಜೋಡಿಯಾಗಿರುತ್ತವೆ. ಒಂದರಲ್ಲಿ ನಾವು ತಿದ್ದುತ್ತೇವೆ, ಇನ್ನೊಂದು ಅದನ್ನು ನಕಲು ಮಾಡಿಕೊಳ್ಳುತ್ತದೆ. ಫೈಲಿನ ಸಂಖ್ಯೆ ಮುಂಚಿಗಿಂತ ದೊಡ್ಡದಾಗಿದ್ದರೆ ಮಾತ್ರ. ತಿದ್ದಿದ ದಿನವನ್ನೇ ಸಂಖ್ಯೆಯಾಗಿ ಬರೆಯುವುದು ರೂಢಿ; ಅದು ಸದಾ ಬೆಳೆಯುತ್ತಿರಲೆಂದು ಎಲ್ಲರೂ ವರ್ಷ ಮೊದಲು, ತಾರೀಖು ಕೊನೆಗೆ ಬರೆಯುತ್ತಾರೆ. ನನ್ನ ಸೀನಿಯರ್ ಆಗಿದ್ದ, ಅಕ್ಕ ಎನ್ನುವ ಹಾಗೆ ನಾನು ಆಪಾ ಎನ್ನುತ್ತಿದ್ದ ವಿಜಯಪುರದ ಹೆಂಗಸು ಮಾತ್ರ ಉಲ್ಟಾ.

"ಮಂದಿ ಇವತ್ತ ತಾರೀಖ ಎಷ್ಟು ಅಂತ ಕೇಳತಾರ ತಮ್ಮಾ. ವರ್ಷ ಎಲ್ಲಿ ಓಡಿ ಹೋಗತದ?" ಎನ್ನುತ್ತಿದ್ದರು.

ನಮ್ಮ ಗಿರಾಕಿಗಳು ವರ್ಷಗಟ್ಟಲೆ ಏನನ್ನೂ ಬದಲಿಸುತ್ತಿರಲಿಲ್ಲ, ಹಾಗಾಗಿ ಆ ಪದ್ಧತಿ ನಡೆದುಹೋಯಿತು. ಅಷ್ಟರಲ್ಲಿ ಆ ಗಿರಾಕಿಗಳಲ್ಲೊಂದಾದ ಮುಲುಂಡ್‌ನ ಲ್ಯಾಬ್, ರಿಪೋರ್ಟ್ ಹಾಕುವ ತನ್ನ ವೆಬ್‌ಸೈಟನ್ನು ಹೊಸ ಯಂತ್ರಕ್ಕೆ ಸಾಗಿಸಿತು. ಅದೇ ಲ್ಯಾಬಿಗೆ ಆಪಾ ತಮ್ಮ ಎದೆಯ ಗಂಟಿನ ತುಂಡನ್ನು ಪರೀಕ್ಷೆಗೆ ಕೊಟ್ಟಿದ್ದರು. ಆ ವಾರವೆಲ್ಲ ಅವರ ಗಂಟಲಲ್ಲಿ ತುತ್ತು ಇಳಿದಿರಲಿಲ್ಲ. ಅವರ ಮೊಬೈಲ್ ಟಣ್ ಎಂದರೆ ನಾನೂ ತಲೆಯೆತ್ತಿ ನೋಡುತ್ತಿದ್ದೆ.

ಮೂವತ್ತೊಂದರಂದು ಅವರು ಆ ಫೈಲಿನಲ್ಲಿ ಸಣ್ಣದೇನೋ ತಿದ್ದಿದ್ದರು. ಮರುದಿನ ಬೆಳಿಗ್ಗೆ ಹೊಸ ಯಂತ್ರದ ವಿಳಾಸ ಹಾಕಿ, ರೂಢಿಯಂತೆ ಒಂದನೇ ತಾರೀಖು ಬರೆದರು. ಆಮೇಲೆ ಮೊಬೈಲಿನಲ್ಲಿ ಲ್ಯಾಬಿನ ವೆಬ್‌ಸೈಟ್ ತೆರೆದು ನೋಡಿದರು. "ರಿಪೋರ್ಟ್ ತಯಾರಾಗಿಲ್ಲ" ಎಂದಿತ್ತು.

"ಇವತ್ತೂ ಇಲ್ಲ. ಛಲೋ ಆತು, ಬಾ ಊಟ ಮಾಡೂಣು" ಎಂದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಆ ದಿನ ಹೊಟ್ಟೆ ತುಂಬ ಉಂಡರು, ನನ್ನ ಮದುವೆಯ ಬಗ್ಗೆ ಕಾಲೆಳೆದರು. ಅವರು ನಕ್ಕದ್ದು ಕಂಡು ನನಗೂ ಜೀವ ಬಂದಂತಾಯಿತು.

ಕೈ ತೊಳೆಯುವಷ್ಟರಲ್ಲಿ ಲ್ಯಾಬಿನಿಂದ ಫೋನು. ರಿಪೋರ್ಟ್ ಹಾಕಿದ್ದೇವೆ, ಅರ್ಧ ಜನರಿಗೆ ಕಾಣುತ್ತಿಲ್ಲ ಎಂದರು. ಆಪಾ ಎರಡೂ ಸರ್ವರ್ ತೆರೆದರು. ಒಂದರಲ್ಲಿ ಒಂದು, ಇನ್ನೊಂದರಲ್ಲಿ ಮೂವತ್ತೊಂದು. ಸಣ್ಣ ಸಂಖ್ಯೆ ನೋಡಿ ಎರಡನೆಯದು ನಕಲೇ ಮಾಡಿಕೊಂಡಿರಲಿಲ್ಲ. ಜನರನ್ನು ಹಳೆಯ ಯಂತ್ರಕ್ಕೇ ಕಳಿಸುತ್ತಿತ್ತು. ಆಪಾರ ಮೊಬೈಲೂ ಅಲ್ಲಿಗೇ ಹೋಗಿತ್ತು.

"ಅಂದ್ರ ನಂದೂ ಬಂದದ" ಎಂದರು, ಮೆಲ್ಲಗೆ.

ಮೂವತ್ತೊಂದಕ್ಕಿಂತ ದೊಡ್ಡದು ಬೇಕಿತ್ತು. ಕ್ಯಾಲೆಂಡರಿನಲ್ಲಿ ಇಲ್ಲದ ಮೂವತ್ತೆರಡನ್ನು ಬರೆದರು. ಬೆರಳು ಕೀಲಿಯ ಮೇಲೆ ನಿಂತಿತು. "ಆಪಾ, ನಾನು ಒತ್ತಲಾ?" ಎಂದೆ.

"ಬ್ಯಾಡ. ಭಾಳ ಮಂದಿ ಕಾಯಲಿಕ್ಕತ್ತಾರ" ಎಂದು ತಾವೇ ಒತ್ತಿದರು.

ಸ್ವಲ್ಪ ಹೊತ್ತಿಗೆ ಅವರ ರಿಪೋರ್ಟೂ ತೆರೆದುಕೊಂಡಿತು. ಓದಿ, ಮೊಬೈಲನ್ನು ತೊಡೆಯ ಮೇಲೆ ಬೋರಲು ಹಾಕಿ, "ಆ ಚಟ್ನಿ ಡಬ್ಬಿ ತೊಳದ ಇಡು ತಮ್ಮಾ" ಎಂದರು.

ಆಮೇಲಿನದು ಆಸ್ಪತ್ರೆ, ಕೀಮೋ... ಆಪಾ ಉಳಿಯಲಿಲ್ಲ.

ನಿನ್ನೆ ಆ ಸಂಖ್ಯೆ ಅಳಿಸಿ, ವರ್ಷ ಮೊದಲು ಮಾಡಿ, ಮೂವತ್ತೆರಡರ ಆ ಸಂಖ್ಯೆಗಿಂತ ದೊಡ್ಡದಾಗಲೆಂದು ಕೊನೆಗೆ ಇನ್ನೆರಡು ಅಂಕಿ ಸೇರಿಸಿದೆ. ಸರ್ವರ್‌ಗಳು ತಕರಾರಿಲ್ಲದೆ ಒಪ್ಪಿಕೊಂಡವು. ಆಪಾ ತಾರೀಖು ಮೊದಲು ಬರೆದದ್ದು ತಪ್ಪೇ, ಹೊಸಬರಿಗೆ ನಾನೂ ಅದು ತಪ್ಪೆಂದೇ ಹೇಳಿಕೊಡುತ್ತೇನೆ. ಆದರೆ ಅವರು ನೆಮ್ಮದಿಯಾಗಿ ಉಂಡ ಕೊನೆಯ ಊಟ ಆ ತಪ್ಪು ಕೊಟ್ಟದ್ದು.