ಬೇಲಿಯಾಚೆಯ ಸಾಕ್ಷಿ

ಆಗೆಲ್ಲ ಸತ್ತವರು ಒಂದು ಸಲ ಸತ್ತರೆ ಸಾಕಾಗಿತ್ತು. ಬದುಕಿದ್ದವರು ಮಾತ್ರ ಆರು ತಿಂಗಳಿಗೊಮ್ಮೆ ಬದುಕಿದ್ದೇವೆಂದು ಸರ್ಕಾರಕ್ಕೆ ತೋರಿಸಬೇಕಾಗಿತ್ತು. ಸೈನಿಕರ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತಿರುತ್ತದೆ. ಅಪ್ಪ ಯುದ್ಧದಲ್ಲಿ ತೀರಿಕೊಂಡ ಮೇಲೆ ಅವ್ವನಿಗೆ ಪಿಂಚಣಿ ಬರುತ್ತಿತ್ತು. ಅದು ನಿಲ್ಲದೆ ಬರಬೇಕಾದರೆ ಎರಡು ಮಾತಿಗೆ ರುಜು ಬೇಕು: ಈಕೆ ಬದುಕಿದ್ದಾಳೆ, ಈಕೆ ಮತ್ತೆ ಮದುವೆಯಾಗಿಲ್ಲ. ಊರ ಪಂಚಾಯ್ತಿ ಛೇರ್ಮನ್ನರೋ ಯಾರಾದರೂ ದೊಡ್ಡ ಅಧಿಕಾರಿಯೋ ರುಜು ಹಾಕಿದ ಕಾಗದವನ್ನು ಕುಣಿಗಲ್ಲಿನ ಖಜಾನೆಗೆ ಕೊಡಬೇಕು. ಕೊಡದಿದ್ದರೆ ನಿಂತೇಹೋಯಿತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವ ಹುಕಿ ಬಂದದ್ದು ಈಗ, ಮೊಮ್ಮಗಳು ಹುಟ್ಟಿದ ಮೇಲೆ. ಈಗ ನಾವಿರುವ ಮರಳೂರಿನ ಮನೆಯಲ್ಲಿ ಎಲ್ಲಿ ನಿಂತರೂ ಬಜೆ, ಸಾಂಬ್ರಾಣಿ, ಎಳೆಕೂಸಿನ ನೆತ್ತಿಯ ಎಣ್ಣೆಯ ವಾಸನೆ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಹೋದ ವಾರ ಅವಳನ್ನು ಮೊದಲು ತೊಟ್ಟಿಲಿಗೆ ಹಾಕಿದವಳು ನನ್ನ ಅವ್ವ. ಬಂದವರಲ್ಲಿ ಒಬ್ಬರು, "ಮುತ್ತೈದೇರು ಹಾಕಿದ್ರೆ ಒಳ್ಳೇದಿತ್ತು" ಎಂದು ಗೊಣಗಿದರು. ನನಗೆ ಸಿಟ್ಟು ಬರಲಿಲ್ಲ, ನಗು ಬಂತು. ಆ ಮಾತಿಗೆ ನಮ್ಮಜ್ಜಿ ಯಾವತ್ತೋ ಉತ್ತರ ಕೊಟ್ಟಾಗಿತ್ತು. ಆ ಕತೆಯನ್ನು ಕೂಸಿನ ಕಿವಿಯಲ್ಲಿ ಹೇಳಿದೆ. ಅದು ಆಕಳಿಸಿತು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನಮ್ಮೂರು ಅಮೃತೂರಿನ ಹತ್ತಿರ. ಅವರೆಕಾಯಿ ಕಾಲ ಬಂದರೆ ಊರಿಗೂರೇ ಸೊಗಡಿನ ವಾಸನೆ. ದೊಡ್ಡವರು ಅವರೆಕಾಳು ಹಿತುಕುತ್ತ ಕೂತರೆ ನಾವು ಹುಡುಗಿಯರು ಜಗಲಿಯ ಮೇಲೆ ಬಳೆಚೂರಿನ ಆಟ ಆಡುತ್ತಿದ್ದೆವು. ಯಾರ ಹತ್ತಿರ ಹೆಚ್ಚು ಬಣ್ಣದ ಚೂರಿದೆಯೋ ಅವಳೇ ಮೇಲು. ಅಂಥದ್ದೇ ಕಾಲದಲ್ಲಿ ಅಪ್ಪನ ಸುದ್ದಿಯ ತಂತಿ ಬಂತು. ಊರೆಲ್ಲ ಅತ್ತ ಮಾರನೇ ದಿನ ಗೆಳತಿಯೊಬ್ಬಳು ನನ್ನ ಪಕ್ಕ ಕೂತು ಕೇಳಿದಳು.

"ನಿಮ್ಮವ್ವನ ಬಳೆ ಒಡೀತಾರಲ್ಲ, ಹಸ್ರು ಚೂರು ನಂಗೂ ಕೊಡ್ತೀಯೇನೇ?"

ನಾನು ಕೊಡ್ತೀನಿ ಎಂದೆ.

ಚೂರು ಅವಳಿಗೂ ಸಿಗಲಿಲ್ಲ, ನನಗೂ ಸಿಗಲಿಲ್ಲ. ತಿಥಿಯ ದಿನ ಹೆಂಗಸರು ಬಂದಾಗ ಅಜ್ಜಿ, ಅಂದರೆ ಅಪ್ಪನನ್ನು ಹೆತ್ತವಳು, ಬಾಗಿಲಿಗೆ ಅಡ್ಡ ಕೂತಳು. ಅವಳದು ಬೋಳು ಕೈ. ತೀರ ಚಿಕ್ಕ ವಯಸ್ಸಿಗೇ ಅವಳ ಬಳೆ ಒಡೆದಿದ್ದರು.

"ನಂಗೆ ಮಾಡಿದ್ರಿ, ಸುಮ್ಕಿದ್ದೆ. ನನ್ ಸೊಸೆ ಕೈ ಮುಟ್ಟಿದ್ರೆ ಸುಮ್ಕಿರಾಕಿಲ್ಲ. ಬಂದಿದೀರ, ಉಂಡ್ಕೊಂಡು ಹೋಗಿ."

ಉಂಡರು, ಹೋದರು. ಅವ್ವನ ಕೈಯಲ್ಲಿ ಹಸಿರು ಗಾಜಿನ ಬಳೆ, ಹಣೆಯಲ್ಲಿ ಕುಂಕುಮ ಹಾಗೆಯೇ ಉಳಿದವು.

ಪಿಂಚಣಿ ಮಂಜೂರಾಗಿ, ಮಾರನೇ ವರ್ಷ ಮತ್ತೆ ಅವರೆಕಾಯಿ ಬರುವ ಹೊತ್ತಿಗೆ ಮೊದಲ ರುಜುವಿನ ಸಮಯವೂ ಬಂತು. ಛೇರ್ಮನ್ನರು ಕಾಗದ ನೋಡಿದರು, ಅವ್ವನ ಕೈ ನೋಡಿದರು, ಆಮೇಲೆ ಅಜ್ಜಿಯ ಕಡೆ ತಿರುಗಿದರು.

"ಕೈತುಂಬ ಬಳೆ, ಹಣೆ ತುಂಬ ಕುಂಕ್ಮ. ಮದ್ವೆಯಾಗಿಲ್ಲ ಅಂತ ನಾನ್ ಹೆಂಗ್ ರುಜು ಹಾಕ್ಲಿ? ನಾಳೆ ಯಾರಾದ್ರೂ ಅರ್ಜಿ ಹಾಕುದ್ರೆ ನನ್ ತಲೇಗ್ ಬರ್ತದೆ. ಬಳೆ ತೆಗ್ಸು ಪುಟ್ಟಮ್ಮ, ಈಗ್ಲೇ ಹಾಕ್ತೀನಿ."

"ರುಜು ಹಾಕಾದು ನಿನ್ ಕೈ. ಬಳೆ ಇರಾದು ಅವ್ಳ್ ಕೈ. ನಿನ್ ಕೈ ನೀನ್ ನೋಡ್ಕೊಳಪ್ಪ," ಎಂದಳು ಅಜ್ಜಿ, ಕಾಗದ ಕಿತ್ತುಕೊಂಡು ಬಂದುಬಿಟ್ಟಳು.

ಬಂದಳೇನೋ ಸರಿ. ಆದರೆ ಪಿಂಚಣಿ ನಿಂತರೆ ನಮಗೆ ಬೇರೆ ದಿಕ್ಕಿರಲಿಲ್ಲ. ನಮ್ಮ ತುಂಡು ಹೊಲದ ರಾಗಿ ಅರ್ಧ ವರ್ಷದ ಮುದ್ದೆಗೂ ಸಾಲುತ್ತಿರಲಿಲ್ಲ. ತಾಲ್ಲೂಕು ಕಚೇರಿಯ ಸಾಹೇಬರೇ ರುಜು ಹಾಕಬಹುದಂತೆ ಎಂದು ಯಾರೋ ಹೇಳಿದರು. ಬೆಳಿಗ್ಗೆ ನಾವು ಮೂವರೂ ಕುಣಿಗಲ್ ಬಸ್ಸು ಹತ್ತಿದೆವು. ನಮ್ಮ ಹಿಂದೆಯೇ ನಿಂಗಮ್ಮ ಹತ್ತಿದಳು.

ನಿಂಗಮ್ಮ ನಮ್ಮ ಬೇಲಿಯಾಚೆ ಮನೆಯವಳು. ಬೇಲಿಯಲ್ಲಿದ್ದ ಒಂದು ತೆಂಗಿನಮರ ಯಾರದು ಎಂದು ನಾನು ಹುಟ್ಟುವ ಮೊದಲೇ ಜಗಳವಾಗಿ, ಅಜ್ಜಿಗೂ ಅವಳಿಗೂ ಮಾತು ನಿಂತಿತ್ತು. ಅಜ್ಜಿ ಅವ್ವನ ಪಕ್ಕೆ ತಿವಿದಳು.

"ನಮ್ ಮ್ಯಾಲೆ ಅರ್ಜಿ ಹಾಕಾಕೇ ಹೊಂಟವ್ಳೆ ಕಣಮ್ಮಿ. ಒಳ್ಳೆ ಸೀರೆ ಬೇರೆ ಉಟ್ಟವ್ಳೆ."

ಅವ್ವನ ಮುಖ ಬಿಳಿಚಿಕೊಂಡಿತು. ಸ್ವಲ್ಪ ದೂರ ಹೋದ ಮೇಲೆ ನೋಡುತ್ತೇನೆ, ಅವಳು ಒಂದೊಂದೇ ಬಳೆ ಬಿಚ್ಚಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಾಳೆ. ಅಜ್ಜಿ ಅವಳ ಕೈ ಹಿಡಿದಳು.

"ಏನ್ ಮಾಡ್ತಿದೀಯ ಜಯ?"

"ಒಂದ್ಗಳಿಗೆ ಅತ್ತೆ. ರುಜು ಆದ್ಮೇಲೆ ಹಾಕ್ಕತೀನಿ. ಮಗೀಗೆ ಉಣ್ಣಾಕಿಕ್ಬೇಕಲ್ಲ."

"ಇವತ್ತು ಒಂದ್ಗಳಿಗೆ ತೆಗುದ್ರೆ ಸಾಯೋಗಂಟ ಆರಾರ್ ತಿಂಗ್ಳಿಗೂ ತೆಗೀಬೇಕಾಯ್ತದೆ. ಹಾಕ್ಕೊ."

ಅವ್ವ ಅಳುತ್ತಲೇ ಹಾಕಿಕೊಂಡಳು. ಬಸ್ಸು ಕುಲುಕಿ ಒಂದು ಬಳೆ ಒಡೆಯಿತು, ಮುಂಗೈಯಲ್ಲಿ ರಕ್ತ ಬಂತು. ಚೂರು ನನ್ನ ಕಾಲ ಹತ್ತಿರವೇ ಬಿತ್ತು. ನಾನು ಅದನ್ನು ಎತ್ತಿಕೊಳ್ಳಲಿಲ್ಲ.

ಕಚೇರಿಯಲ್ಲಿ ಹಳೇ ಕಾಗದದ ಮುಗ್ಗಲು ವಾಸನೆ. ಸಾಹೇಬರು ಕೆಟ್ಟವರೇನಲ್ಲ, ನಮ್ಮನ್ನು ಕೂರಲು ಹೇಳಿದರು. ಅಜ್ಜಿ ಕೂರಲಿಲ್ಲ.

"ಅಲ್ಲಮ್ಮ, ಇವರು ಬಳೆ ಹಾಕ್ಕೊಂಡಿದಾರಲ್ಲ," ಎಂದರು ಅವರೂ.

"ಹಾಕ್ಕೊಂಡವ್ಳೆ. ನಾನೇ ತೆಗೀಬ್ಯಾಡ ಅಂದಿವ್ನಿ. ನನ್ ಮಗ ಸತ್ತ ಅಂತ ಗೌರ್ಮೆಂಟು ಹೇಳ್ತು, ಒಪ್ಕೊಂಡೆ. ಬಳೆ ಒಡೀಬೇಕು ಅಂತ್ಲೂ ಗೌರ್ಮೆಂಟು ಹೇಳೈತಾ? ಆ ಕಾಗದದಾಗೆ ಎಲ್ಲೈತೆ, ವಸಿ ಓದಿ ಸ್ವಾಮಿ. ನಂಗ್ ಓದಾಕ್ ಬರಾಕಿಲ್ಲ."

ಸಾಹೇಬರು ಕಾಗದವನ್ನು ಮೇಲಿಂದ ಕೆಳಗೆ ನೋಡಿದರು. ಹಿಂದೆ ತಿರುಗಿಸಿಯೂ ನೋಡಿದರು.

"ಇಲ್ಲ," ಎಂದರು. "ಆದ್ರೆ ಮದುವೆಯಾಗಿಲ್ಲ ಅನ್ನೋದಕ್ಕೆ ನನಗೂ ಒಂದು ಆಧಾರ ಬೇಕಲ್ಲಮ್ಮ. ನೀವು ಮನೆಯವರು. ಹೊರಗಿನವರು ಯಾರಾದರೂ ಹೇಳಬೇಕು."

ನಮ್ಮ ಕಡೆಯಿಂದ ಹೊರಗಿನವರು ಯಾರೂ ಬಂದಿರಲಿಲ್ಲ.

ಬಾಗಿಲಲ್ಲಿ ನಿಂಗಮ್ಮ ನಿಂತಿದ್ದಳು. ಅಜ್ಜಿಯ ಮುಖ ಕೂಡ ನೋಡದೆ ನೇರ ಮೇಜಿನ ಹತ್ತಿರ ಬಂದಳು.

"ನಾನ್ ಹೇಳ್ತೀನಿ ಸ್ವಾಮಿ. ಇವ್ರ ಬೇಲಿಯಾಚೆ ಮನೆ ನಂದು. ಈ ಮುದುಕಿಗೂ ನಂಗೂ ಮಾತಿಲ್ಲ, ಮುಂದ್ಕೂ ಇರಾಕಿಲ್ಲ. ಇವ್ರು ಒಗ್ಗರಣೆಗೆ ಎಷ್ಟು ಸಾಸ್ವೆ ಹಾಕುದ್ರು ಅನ್ನಾದೂ ನಂಗೊತ್ತಾಯ್ತದೆ. ಈ ಹುಡ್ಗಿ ಮದ್ವೆಯಾಗಿಲ್ಲ. ಆಗಿದ್ರೆ ನಾನ್ ಬುಡ್ತಿದ್ನಾ? ಎಲ್ರಿಗಿಂತ ಮುಂಚೆ ನಾನೇ ಬಂದು ಅರ್ಜಿ ಹಾಕ್ತಿದ್ದೆ."

ಸಾಹೇಬರು ನಕ್ಕುಬಿಟ್ಟರು. ಇದಕ್ಕಿಂತ ಆಧಾರ ಬೇಕಿಲ್ಲ ಎಂದು ಪೆನ್ನು ತೆಗೆದರು. ನಿಂಗಮ್ಮ ಮೇಜಿಗೆ ಕೈಯೂರಿ, ರುಜು ಪೂರ್ತಿ ಮುಗಿಯುವವರೆಗೂ ಕದಲಲಿಲ್ಲ.

ಹೊರಗೆ ಹೋಟೆಲಿನಲ್ಲಿ ಅವ್ವ ಅವಳಿಗೂ ದೋಸೆ ಕೊಡಿಸಿದಳು. ಅಜ್ಜಿ ಬೇರೆ ಬೆಂಚಿನಲ್ಲಿ ಕೂತಳು. ನಾನು ಯಾಕಜ್ಜಿ ಎಂದರೆ, "ಮರದ ಇಚಾರ ಬ್ಯಾರೆ ಕಣೇ," ಎಂದಳು. ಅಂದಿನಿಂದ ಪ್ರತಿ ಆರು ತಿಂಗಳಿಗೂ, ಯಾರೂ ಕರೆಯದೆ, ನಿಂಗಮ್ಮ ಅದೇ ಒಳ್ಳೆ ಸೀರೆ ಉಟ್ಟು ಬಸ್ಸಿಗೆ ಕಾಯುತ್ತಿದ್ದಳು. ಇಬ್ಬರೂ ಸಾಯುವ ತನಕ ಒಂದೇ ಬಸ್ಸಿನಲ್ಲಿ ಹೋಗಿಬಂದರು, ಒಂದು ಮಾತೂ ಆಡಲಿಲ್ಲ.

ಈಗ ಮರುಮದುವೆಯ ನಿಯಮವನ್ನು ಎಷ್ಟೋ ಸಡಿಲ ಮಾಡಿದ್ದಾರಂತೆ. ಮಾಡಲಿ, ಒಳ್ಳೆಯದೇ. ಬದುಕಿದ್ದೀರೆಂದು ತೋರಿಸಲು ಬಸ್ಸೂ ಹತ್ತಬೇಕಿಲ್ಲ. ಹೋದ ಸಲ ನನ್ನ ಮಗ ಅವ್ವನ ಮುಖದ ಮುಂದೆ ಫೋನು ಹಿಡಿದ, ಅವ್ವ ಕಣ್ಣು ಮಿಟುಕಿಸಿದಳು, ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಎಲ್ಲ ಮುಗಿಯಿತು. ಅವ್ವ ಹಾಗೇ ಕೂತಿದ್ದಳು.

"ಅಷ್ಟೇನಾ? ಸಾಕ್ಷಿಗೆ ಯಾರೂ ಬ್ಯಾಡ್ವಾ?" ಎಂದು ಕೇಳಿದಳು.

ಬೇಡವಂತೆ ಅವ್ವ ಎಂದೆ. ಹೇಳಿದ ಮೇಲೆ ಕಿಟಕಿಯಿಂದ ಪಕ್ಕದ ಮನೆಯ ಕಡೆ ನೋಡಿದೆ. ಮರಳೂರಿಗೆ ಬಂದು ಇಷ್ಟು ವರ್ಷವಾಯಿತು, ಕಾಂಪೌಂಡಿನ ಆಚೆ ಇರುವವಳ ಹೆಸರು ನನಗೆ ಗೊತ್ತಿಲ್ಲ. ನಾಳೆ ನಮಗೇನಾದರೂ ಆದರೆ ಸಾಹೇಬರ ಮುಂದೆ ಬಂದು ನಿಲ್ಲುವಷ್ಟು ನಮ್ಮನ್ನು ಬಲ್ಲವರು ಯಾರೂ ಇಲ್ಲ, ಜಗಳವಾಡುವಷ್ಟು ಬಲ್ಲವರೂ ಇಲ್ಲ. ಈ ಕೂಸು ಹಾಗೆ ಬೆಳೆಯುವುದಕ್ಕೆ ನಾನು ಬಿಡುವುದಿಲ್ಲ. ಬೆಳಿಗ್ಗೆ ಎಣ್ಣೆ ಹಚ್ಚಿ, ನೀರೆರೆದು, ಇವಳನ್ನೆತ್ತಿಕೊಂಡು ಹೋಗಿ ಆ ಪಕ್ಕದ ಮನೆಯ ಗೇಟು ತಟ್ಟುತ್ತೇನೆ. ಜಗಳವೇ ಆದರೂ ಆಗಲಿ.