ಒಂದೇ ಸಮಚಿಹ್ನೆಯ ಇಂಜಿನಿಯರ್

ಟೋಬಿಯಾಸ್ ಒಗಾಡ ಮಾತಿನ ಮಲ್ಲ. ಕಿಸುಮು ಪಟ್ಟಣದ ಆಸುಪಾಸಿನಲ್ಲಿ ಯಾರು ಸತ್ತರೂ, ಯಾರು ಮದುವೆಯಾದರೂ ಮೈಕು ಅವನ ಕೈಯಲ್ಲೇ ಇರಬೇಕು. ಸತ್ತವನು ಬದುಕಿದ್ದಾಗ ನೆರೆಯವರ ಕೋಳಿ ಕದ್ದವನೇ ಆಗಿರಲಿ, ಒಗಾಡನ ಬಾಯಲ್ಲಿ ಅವನು ಊರು ಕಾಯ್ದ ಧೀರನಾಗುತ್ತಿದ್ದ. ಕೋಳಿ ಕಳೆದುಕೊಂಡವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಹೀಗೆ ಇನ್ನೊಬ್ಬರ ಸಾವಿನಲ್ಲಿ ಹೊಟ್ಟೆ ಹೊರೆದುಕೊಂಡು ಸುಖವಾಗಿದ್ದ ಮನುಷ್ಯನಿಗೆ ನಲವತ್ತು ಹತ್ತಿರವಾಗುವ ಹೊತ್ತಿಗೆ ಪ್ರೋಗ್ರಾಮರ್ ಆಗುವ ಹುಚ್ಚು ಹಿಡಿಯಿತು.

ಹಿಡಿಸಿದವನು ಹೆಂಡತಿಯ ತಮ್ಮ. ನೈರೋಬಿಯಿಂದ ಕ್ರಿಸ್‌ಮಸ್‌ಗೆ ಬಂದ ಆ ಹುಡುಗ ಮಾವಿನ ಮರದ ಕೆಳಗೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತ. ಯಾರ ಜೊತೆಗೂ ಮಾತಾಡಲಿಲ್ಲ. ಆದರೂ ಹಿರಿಯರು ಅವನಿಗೇ ಮೊದಲು ಮೀನಿನ ತಲೆ ಬಡಿಸಿದರು. ಬಾಯಿ ಬಿಡದವನಿಗೆ ಇಷ್ಟು ಮರ್ಯಾದೆ ಸಿಗುವುದಾದರೆ, ಬಾಯಿರುವ ತನಗೆ ಎಷ್ಟು ಸಿಗಬೇಡ ಎಂದು ಒಗಾಡ ಲೆಕ್ಕ ಹಾಕಿದ.

ಪಟ್ಟಣದ ಮಿಲಿಮಾನಿ ಬಡಾವಣೆಯಲ್ಲಿ ಹೊರದೇಶದ ದಾನಿಗಳು ನಡೆಸುವ ಕಂಪ್ಯೂಟರ್ ಕೇಂದ್ರವೊಂದಿತ್ತು. ಜಾವಾಸ್ಕ್ರಿಪ್ಟನ್ನು ಬುಡದಿಂದ ಕಲಿಸುತ್ತಾರೆ, ಕಲಿಕೆ ಉಚಿತ ಎಂದು ಒಗಾಡ ಮನೆಯಲ್ಲಿ ಹೇಳಿದ. ಮಧ್ಯಾಹ್ನದ ಊಟವೂ ಉಚಿತ ಎಂಬುದನ್ನು ಹೇಳಲಿಲ್ಲ.

ಕಲಿಸುವವಳು ಮಿಲ್ಕಾ ಅಕೆಲೊ. ಅವನಿಗಿಂತ ಬಹಳ ಚಿಕ್ಕವಳು, ತಲೆ ನುಣ್ಣಗೆ ಬೋಳಿಸಿಕೊಂಡವಳು, ನಗುವುದಕ್ಕೆ ಬೇರೆ ಸಂಬಳ ಕೊಡಬೇಕೇನೋ ಎಂಬಂಥ ಮುಖದವಳು. ಮೊದಲ ವಾರವೇ ಅವಳು ಹಲಗೆಯ ಮೇಲೆ ಒಂದು ಸಮಚಿಹ್ನೆ ಬರೆದಳು. ಅದರ ಕೆಳಗೆ ಮೂರನ್ನು ಒತ್ತಾಗಿ ಬರೆದಳು.

"ಇಲ್ಲಿ ನೋಡಿ. ಒಂದೇ ಹಾಕಿದ್ರೆ ಅದು ಅಪ್ಪಣೆ. ಈ ಡಬ್ಬಿಯೊಳಗೆ ಇದನ್ನ ಇಡು ಅಂತ. ಮೂರು ಹಾಕಿದ್ರೆ ಅದು ಪ್ರಶ್ನೆ. ಈ ಡಬ್ಬಿಯೊಳಗೆ ಇರೋದು ಇದೇನಾ ಅಂತ. ಅದಲುಬದಲು ಮಾಡಿದ್ರೆ ಕಂಪ್ಯೂಟರ್ ನಿಮ್ಮನ್ನ ಬೈಯಲ್ಲ. ಸುಮ್ನೆ ಹೇಳಿದ್ದು ಮಾಡಿಬಿಡುತ್ತೆ."

"ಅರ್ಥವಾಯ್ತು ಟೀಚರ್," ಎಂದ ಒಗಾಡ, ಇಡೀ ತರಗತಿಯ ಪರವಾಗಿ.

"ಹಾಗಾದ್ರೆ ಬರೆದು ತೋರಿಸಿ."

"ಬರೆಯೋದೇನಿದೆ? ತಲೆಯಲ್ಲಿ ಕೂತುಬಿಟ್ಟಿದೆ."

"ತಲೆಯಲ್ಲಿ ಕೂತದ್ದು ಬೆರಳಿಗೆ ಇಳೀಬೇಕು ಒಗಾಡ ಅವರೇ. ಇವತ್ತಿನ ಅಭ್ಯಾಸ ಮಾಡಿ."

ಅಭ್ಯಾಸ ಎಂದರೆ ಅವನಿಗೆ ಅಲರ್ಜಿ. ಸರಿಸಂಖ್ಯೆಗಳನ್ನು ಒಂದರ ಕೆಳಗೊಂದು ತೋರಿಸುವುದು, ಪದವೊಂದನ್ನು ಹಿಂದುಮುಂದಾಗಿ ಬರೆಯುವುದು, ಪಟ್ಟಿಯಲ್ಲಿ ದೊಡ್ಡ ಸಂಖ್ಯೆ ಯಾವುದೆಂದು ಹುಡುಕುವುದು. ಇವೆಲ್ಲ ಶಾಲೆ ಮಕ್ಕಳ ಆಟ ಎಂದುಕೊಂಡ. ಉಳಿದವರು ತಪ್ಪು ಮಾಡಿ, ಅಳಿಸಿ, ಮತ್ತೆ ತಪ್ಪು ಮಾಡುತ್ತಿರುವಾಗ ಇವನು ಅದೇ ಅಭ್ಯಾಸವನ್ನು ಇನ್ನೊಬ್ಬರು ಮಾಡುವ ವಿಡಿಯೊ ಹಾಕಿಕೊಂಡು, ವೇಗ ಇಮ್ಮಡಿ ಮಾಡಿ, ತಲೆಯಾಡಿಸುತ್ತ ನೋಡುತ್ತಿದ್ದ. ಸಂಜೆಗೆ ಪಕ್ಕದವರ ಉತ್ತರ ನಕಲು ಮಾಡಿ, ಹೆಸರುಗಳನ್ನಷ್ಟೇ ಬದಲಿಸಿ ಒಪ್ಪಿಸುತ್ತಿದ್ದ. ಒಮ್ಮೆ ಹೆಸರು ಬದಲಿಸುವುದೂ ಮರೆತುಹೋಯಿತು. ಅಂದು ಪರದೆಯ ಮೇಲೆ, "ನಮಸ್ಕಾರ, ನಾನು ಬ್ರೆಂಡಾ," ಎಂದು ಬಂತು.

ಆದರೆ ಉಡುಪಿನಲ್ಲಿ ಅವನು ಯಾರಿಗೂ ಕಡಿಮೆಯಿರಲಿಲ್ಲ. ಕೇಂದ್ರದ ಟೀ ಶರ್ಟು, ಲ್ಯಾಪ್‌ಟಾಪ್ ಮೇಲೆ ತನಗೇ ಗೊತ್ತಿಲ್ಲದ ಹತ್ತಾರು ತಂತ್ರಜ್ಞಾನಗಳ ಸ್ಟಿಕರು, ಕತ್ತಲೆಯಲ್ಲೂ ಹಾಕಿಕೊಳ್ಳುವ ಕನ್ನಡಕ. ವಿಸಿಟಿಂಗ್ ಕಾರ್ಡು ಬೇರೆ ಅಚ್ಚಾಯಿತು: ಟೋಬಿಯಾಸ್ ಒಗಾಡ, ಸಾಫ್ಟ್‌ವೇರ್ ಇಂಜಿನಿಯರ್. ಸರೋವರದ ದಂಡೆಯಲ್ಲಿ ಮೀನು ಕರಿಯುವ ಹೆಂಡತಿ ಡೋರ್ಕಾಸಳ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅದನ್ನು ಹಂಚಿದ.

"ಅವಿನೊ ಅಪ್ಪ," ಎಂದಳು ಡೋರ್ಕಾಸ್, ಬಾಣಲೆಯಿಂದ ಕಣ್ಣೆತ್ತದೆ. ಅವಿನೊ ಅವರ ಮಗಳು. "ಈ ಚೀಟಿ ಸ್ವಲ್ಪ ದಪ್ಪ ಆಯ್ತು. ಎಣ್ಣೆ ಹೀರ್ಕೊಳ್ಳಲ್ಲ."

"ನಿನಗೆ ಅದರ ಬೆಲೆ ಗೊತ್ತಿಲ್ಲ ಅವಿನೊ ಅಮ್ಮ. ಜಗತ್ತೇ ಈಗ ಕೋಡ್ ಮೇಲೆ ಓಡ್ತಿದೆ."

"ಓಡಲಿ ಬಿಡಿ. ನೀವು ಆ ಟೊಮೇಟೊ ಹೆಚ್ಚಿ ಕೊಡಿ."

ಇಂಜಿನಿಯರ್ ಎಂಬ ಬಿರುದು ಪಟ್ಟಣ ದಾಟಿ ಸೆಮೆ ಕಡೆಯ ಹಳ್ಳಿಗಳಿಗೂ ತಲುಪಿತು. ಅಲ್ಲಿ ಅವನ ಕುಲದವರ ಸಂಘವಿದೆ. ಕುಲದಲ್ಲಿ ಯಾರಾದರೂ ತೀರಿಕೊಂಡರೆ ಮನೆಮಂದಿಗೆಲ್ಲ ಸುದ್ದಿ ಮುಟ್ಟಿಸುವುದು ಸಂಘದ ಕೆಲಸ. ಅಧ್ಯಕ್ಷರು ಮ್ಯಾಥ್ಯೂ ನ್ಯಾಕ್ವಾಕ, ಇಬ್ಬರು ಹೆಂಡಿರ, ಒಂದು ಟ್ರ್ಯಾಕ್ಟರಿನ ಮುದುಕ. ಒಬ್ಬೊಬ್ಬರಿಗೇ ಫೋನು ಮಾಡಿ ಮಾಡಿ ಕಿವಿ ನೋಯುತ್ತದೆ ಎಂದು ಅವರು ಸಭೆಯಲ್ಲಿ ಗೊಣಗಿದ್ದೇ ತಡ, ಒಗಾಡ ಎದ್ದು ನಿಂತ.

"ಜಾದುಒಂಗ್," ಎಂದ, ಹಿರಿಯರನ್ನು ಕರೆಯುವ ಗೌರವದ ಮಾತಿನಲ್ಲಿ. "ಈ ಕೆಲಸ ನನಗೆ ಬಿಡಿ. ಸದಸ್ಯರ ಹೆಸರೆಲ್ಲ ಕಂಪ್ಯೂಟರಿಗೆ ಹಾಕ್ತೀನಿ. ಯಾರು ಹೋದ್ರೋ ಅವರ ಹೆಸರಿನ ಮುಂದೆ 'ಸತ್ತಿದ್ದಾರೆ' ಅಂತ ಗುರುತು ಹಾಕಿದ್ರೆ ಸಾಕು. ಅವರ ಮನೆಯವರ ಫೋನಿಗೆ ಸಂದೇಶ ತಾನಾಗೇ ಹೋಗುತ್ತೆ. ನೀವು ಕೂತಲ್ಲಿಂದ ಏಳಬೇಕಾಗಿಲ್ಲ."

ಕೂತಲ್ಲಿಂದ ಏಳಬೇಕಾಗಿಲ್ಲ ಎಂಬ ಮಾತಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಪ್ರೋಗ್ರಾಮಿನ ಮುಕ್ಕಾಲು ಭಾಗ ತರಗತಿಯಲ್ಲಿ ಪಕ್ಕ ಕೂರುವ ಬ್ರೆಂಡಾಳದ್ದೇ. ಅವಳು ಚರ್ಚಿನ ಭಜನಾ ತಂಡಕ್ಕೆ ನೆನಪೋಲೆ ಕಳಿಸಲು ಬರೆದದ್ದನ್ನು ಒಗಾಡ ಕೇಳಿ ಪಡೆದ. ಪಟ್ಟಿಯ ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ ಒಂದೊಂದಾಗಿ ಹೋಗುವ ಲೂಪು ಅವಳದ್ದು. ಸಂದೇಶ ಕಳಿಸುವ ಭಾಗವೂ ಅವಳದ್ದು. ಸಂದೇಶದ ಒಕ್ಕಣೆ, ಮತ್ತು ಈ ಸದಸ್ಯರು ಸತ್ತಿದ್ದಾರೆಯೇ ಎಂದು ನೋಡುವ ಸಾಲು, ಇವೆರಡು ಮಾತ್ರ ಅವನ ಸ್ವಂತದವು. ಆ ಸಾಲಿನಲ್ಲಿ ಅವನು ಒಂದೇ ಒಂದು ಸಮಚಿಹ್ನೆ ಹಾಕಿದ. ಕಂಪ್ಯೂಟರ್ ಬೈಯಲಿಲ್ಲ. ಬೈಯದೆ ಇದ್ದದ್ದನ್ನು ಅವನು ಮೆಚ್ಚುಗೆ ಎಂದು ತಿಳಿದ.

ಅದೇ ವಾರ ಕುಲದ ರುಸಲಿನಾ ಅಜ್ಜಿ ತೀರಿಕೊಂಡಳು. ನ್ಯಾಕ್ವಾಕರ ಅಂಗಳದಲ್ಲೇ ಪ್ರೋಗ್ರಾಮಿನ ಉದ್ಘಾಟನೆ ಎಂದು ತೀರ್ಮಾನವಾಯಿತು. ಸಮಿತಿಯವರ ಮುಂದೆ ಒಗಾಡ ಅಜ್ಜಿಯ ಗುಣಗಾನ ಸ್ವಲ್ಪ, ತಂತ್ರಜ್ಞಾನದ ಗುಣಗಾನ ಬಹಳ ಮಾಡಿ, ಬೆರಳನ್ನು ಎತ್ತರಕ್ಕೆ ಎತ್ತಿ ಗುಂಡಿ ಒತ್ತಿದ. ಪರದೆಯ ಮೇಲೆ ಹೆಸರುಗಳು ಸರಸರನೆ ಓಡಿದವು.

"ಇಷ್ಟೊಂದು ಯಾಕೆ ಓಡ್ತಿದೆ?" ಎಂದರು ನ್ಯಾಕ್ವಾಕ.

"ಅದು ಯೋಚನೆ ಮಾಡ್ತಿದೆ ಜಾದುಒಂಗ್."

ಸಮಿತಿ ಚಹಾ ಕುಡಿದು ಚದುರಿತು. ನ್ಯಾಕ್ವಾಕ ಮನೆಯ ಹಿಂದಿನ ಬಚ್ಚಲಿಗೆ ಸ್ನಾನಕ್ಕೆ ಹೋದರು. ಒಗಾಡ ಬಾಡಿಗೆ ಬೋಡಾ ಹತ್ತಿ, ಬೈಕಿನವನ ಬೆನ್ನ ಹಿಂದೆ ನಗುತ್ತ ಕೂತು ಪಟ್ಟಣದ ಕಡೆ ಹೊರಟ.

ಮೊದಲ ಕೂಗು ಎದ್ದದ್ದು ನ್ಯಾಕ್ವಾಕರ ಹಿರಿಯ ಹೆಂಡತಿ ಪೆರಿಸಳ ಅಡುಗೆಮನೆಯಿಂದ. ನಿಮ್ಮ ಪ್ರೀತಿಯ ಮ್ಯಾಥ್ಯೂ ನ್ಯಾಕ್ವಾಕ ನಮ್ಮನ್ನಗಲಿದ್ದಾರೆ ಎಂದು ಅವಳ ಫೋನು ಹೇಳುತ್ತಿತ್ತು. ಅದೇ ಕ್ಷಣಕ್ಕೆ ಕಿರಿಯವಳು ಲಿಡ್ಯಾ ತನ್ನ ಮನೆಯಿಂದ ಎದೆ ಬಡಿದುಕೊಳ್ಳುತ್ತ ಓಡಿಬಂದಳು. ಇಬ್ಬರೂ ತಬ್ಬಿಕೊಂಡು ಅತ್ತರು. ತಬ್ಬುಗೆ ಬಹಳ ಹೊತ್ತು ನಿಲ್ಲಲಿಲ್ಲ.

"ಮಣ್ಣು ಮಾಡೋದು ನನ್ನ ಮನೆ ಬಲಗಡೆ. ನಾನು ಮೊದಲನೆಯವಳು," ಎಂದಳು ಪೆರಿಸ್.

"ಮೊದಲನೆಯವಳಂತೆ. ಕಳೆದ ಮಳೆಗಾಲದಲ್ಲಿ ಜ್ವರ ಬಂದು ಮಲಗಿದಾಗ ಗಂಜಿ ಕುಡಿಸಿದವಳು ಯಾರಕ್ಕಾ?"

"ಜ್ವರ ಬಂದದ್ದೇ ನಿನ್ನ ಅಡುಗೆ ತಿಂದು."

ಅಷ್ಟರಲ್ಲಿ ಹಿರಿಯ ಮಗ ಓಡಿಬಂದ. ಕಣ್ಣಲ್ಲಿ ನೀರಿತ್ತು, ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಅವನ ಬಾಯಿಂದ ಬಂದ ಮೊದಲ ಮಾತು, "ಟ್ರ್ಯಾಕ್ಟರ್ ಕೀ ಎಲ್ಲಿದೆ?" ಎಂದು.

"ಕೀ ನನ್ನ ಪ್ಯಾಂಟ್ ಜೇಬಲ್ಲಿದೆ," ಎಂದರು ನ್ಯಾಕ್ವಾಕ, ಮೈತುಂಬ ಸೋಪಿನ ನೊರೆ, ಸೊಂಟಕ್ಕೊಂದು ಟವೆಲು, ಗೋಡೆಯ ಮೂಲೆಯಲ್ಲಿ ನಿಂತು. "ಪ್ಯಾಂಟ್ ಹಾಕ್ಕೊಳ್ಳೋವರೆಗೂ ಕಾಯ್ತೀಯೋ, ಈಗಲೇ ಬೇಕೋ?"

ಅವರ ನೊರೆ ಹತ್ತಿದ ಬಿಳಿ ಮೈ ಕಂಡು ಇಬ್ಬರು ಹೆಂಡಿರೂ ದೆವ್ವವೆಂದು ಚೀರಿ ಜೋಳದ ಹೊಲಕ್ಕೆ ನುಗ್ಗಿದರು. ಓಡುವಾಗ ಮಾತ್ರ ಕೈ ಕೈ ಹಿಡಿದುಕೊಂಡಿದ್ದರು.

ಕುಲದ ಪ್ರತಿ ಮನೆಯದ್ದೂ ಅಂದು ಇಂಥದೇ ಕಥೆ. ಪಕ್ಕದ ಹಳ್ಳಿಯಲ್ಲಿ ಒಬೊರ ಎಂಬವನ ಸಾವಿನ ಸುದ್ದಿ ಬಂದದ್ದೇ ಯುವಕರು ಮುಖಕ್ಕೆ ಬೂದಿ ಬಳಿದುಕೊಂಡು, ಸಾವನ್ನು ಓಡಿಸಲು ಹೋರಿಗಳನ್ನು ಅಟ್ಟಿಕೊಂಡು ಬೀದಿಗಿಳಿದರು. ಮದ್ಯದಂಗಡಿಯಲ್ಲಿ ಕೂತಿದ್ದ ಒಬೊರ ಸದ್ದು ಕೇಳಿ ಹೊರಬಂದು, ಕೋಲೊಂದು ಹಿಡಿದು ಎಲ್ಲರಿಗಿಂತ ಹುರುಪಿನಿಂದ ಕುಣಿದ. ಸುಸ್ತಾದ ಮೇಲೆ ಪಕ್ಕದವನನ್ನು, "ಓಮೆರಾ, ಸೋದರಾ, ಹೋದದ್ದು ಯಾರು?" ಎಂದು ಕೇಳಿದ. ಉತ್ತರ ಕೇಳಿ ಅವನಿಗೆ ಅಮಲು ಇಳಿಯಿತು. ಆಮೇಲೆ ಅವನು ಕುಡಿಯುವುದನ್ನು ಬಿಟ್ಟ ಎನ್ನುತ್ತಾರೆ. ಅದು ಸುಳ್ಳು. ಕುಣಿಯುವುದನ್ನು ಬಿಟ್ಟ.

ಒಗಾಡ ಮನೆ ಮುಟ್ಟಿದಾಗ ಡೋರ್ಕಾಸ್ ಬಾಗಿಲಲ್ಲಿ ಕೂತಿದ್ದಳು. ಕಣ್ಣು ಕೆಂಪಗಿತ್ತು. ಅವನನ್ನು ಕಂಡು ಎದ್ದು, ಭುಜ ಹಿಡಿದು ಅಲುಗಾಡಿಸಿ ನೋಡಿದಳು. ಬಳಿಕ ಫೋನು ತೋರಿಸಿದಳು. ತನ್ನ ಸಾವಿನ ಸುದ್ದಿಯನ್ನು ಅವನು ಎರಡು ಸಲ ಓದಿದ. ಸಂದೇಶದ ಮಾತುಗಳನ್ನು ಬರೆದವನೂ ತಾನೇ. ಚೆನ್ನಾಗಿಯೇ ಇತ್ತು.

"ಇದು ನೆಟ್‌ವರ್ಕ್ ತೊಂದರೆ," ಎಂದು ಶುರುಮಾಡಿ ಉಗಾಲಿ ಮುದ್ದೆಯ ತಟ್ಟೆಗೆ ಕೈ ಚಾಚಿದ.

ಡೋರ್ಕಾಸ್ ತಟ್ಟೆ ಎತ್ತಿಕೊಂಡಳು. "ಅರ್ಧ ಗಂಟೆ ನಾನು ವಿಧವೆಯಾಗಿದ್ದೆ. ಬಾಣಲೆಯಲ್ಲಿದ್ದ ಮೀನೆಲ್ಲ ಸೀದುಹೋಯ್ತು. ಸತ್ತವರಿಗೆ ಊಟ ಇಲ್ಲ, ಹೋಗಿ." ಅವಳ ದನಿ ಒಡೆಯಿತು. ಅವಳು ತಮಾಷೆ ಮಾಡುತ್ತಿಲ್ಲ ಎಂದು ಅವನಿಗೆ ಆಗ ತಿಳಿಯಿತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಸಂಘದ ಸಭೆ ಮರುದಿನ ಕೂಡಿತು. ಸತ್ತವರೆಲ್ಲ ಹಾಜರಿದ್ದರು. ಕೇಂದ್ರದ ಹೆಸರು ಹಾಳಾಗುತ್ತದೆಂದು ಮಿಲ್ಕಾಳೂ ಬಂದಿದ್ದಳು. ಒಗಾಡ ಎದ್ದುನಿಂತು ಸರ್ವರ್ ಎಂದ, ವೈರಸ್ ಎಂದ, ವಿದ್ಯುತ್ತಿನ ಏರಿಳಿತ ಎಂದ. ಮಿಲ್ಕಾ ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಓದಿದಳು.

"ಈ ಸಾಲು ಬರೆದದ್ದು ಯಾರು?"

ಒಗಾಡ ಕನ್ನಡಕ ತೆಗೆದು ಒರೆಸತೊಡಗಿದ.

"ಸತ್ತಿದ್ದಾರಾ ಅಂತ ಕೇಳಿಲ್ಲ ಇಲ್ಲಿ," ಎಂದಳು ಅವಳು ಸಭೆಗೆ. "ಸತ್ತಿದ್ದಾರೆ ಅಂತ ಪ್ರತಿಯೊಬ್ಬರ ಹೆಸರಿನ ಮುಂದೆ ಇವರೇ ಬರೆಸಿದ್ದಾರೆ. ಮೊದಲ ವಾರದ ಪಾಠ ಇದು."

"ಅಂದ್ರೆ ಇವನು ನಮ್ಮನ್ನೆಲ್ಲ ಕೊಂದುಹಾಕಿ, ಆಮೇಲೆ ಸಂತಾಪ ಸೂಚಿಸಿದ," ಎಂದರು ನ್ಯಾಕ್ವಾಕ.

"ಹೌದು. ಹಾಗೇ ಅನ್ನಬಹುದು."

ಅವನ ಬೆನ್ನು ಮುರಿಯಬೇಕೆಂದು ಕೆಲವರು, ಅವನ ಬಾಯಿ ಹೊಲಿಯಬೇಕೆಂದು ಕೆಲವರು ಹೇಳಿದರು. ಒಬೊರ ತನಗೆ ಒಂದು ಹೊಸ ಅಂಗಿ ಬೇಕೆಂದ, ಯಾಕೆಂದು ಯಾರಿಗೂ ತಿಳಿಯಲಿಲ್ಲ. ಗಲಾಟೆ ಏರುತ್ತಿರುವಾಗ ಮೂಲೆಯಿಂದ ರುಸಲಿನಾ ಅಜ್ಜಿಯ ಮಗಳು ಎದ್ದಳು. ಗಟ್ಟಿಯಾಗಿ ಮಾತಾಡುವ ಹೆಂಗಸಲ್ಲ ಅವಳು.

"ನಮ್ಮಮ್ಮ ನಿಜವಾಗಿ ಸತ್ತಿದ್ದಾಳೆ. ನಿನ್ನೆಯಿಂದ ನಮ್ಮ ಮನೆಗೆ ಒಬ್ಬರೂ ಬಂದಿಲ್ಲ."

ತಂತಮ್ಮ ಸಾವಿನ ಗಡಿಬಿಡಿಯಲ್ಲಿ ಎಲ್ಲರೂ ಅಜ್ಜಿಯನ್ನು ಮರೆತೇಬಿಟ್ಟಿದ್ದರು.

ಆ ಸಂಜೆ ಇಡೀ ಕುಲ ಅಲ್ಲಿಗೆ ಹೋಯಿತು. ಒಗಾಡನಿಗೆ ಮೈಕು ಕೊಡಲಿಲ್ಲ. ಅವನು ನೀರು ಹೊತ್ತ, ಕುರ್ಚಿ ಹಾಕಿದ, ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಒಲೆಗೆ ಸೌದೆ ಒಟ್ಟಿದ. ಅಜ್ಜಿಯ ಬಗ್ಗೆ ಅವಳ ಮಗಳೇ ನಾಲ್ಕು ಮಾತಾಡಿದಳು. ಅಜ್ಜಿ ಹಠಮಾರಿ, ಉಪ್ಪು ಹೆಚ್ಚು ಹಾಕುತ್ತಿದ್ದಳು, ಯಾರ ಮನೆಯ ಮಗು ಅತ್ತರೂ ಎದ್ದು ಹೋಗುತ್ತಿದ್ದಳು ಎಂದಳು. ಅಷ್ಟೇ. ತಾನಾಗಿದ್ದರೆ ಒಂದು ಗಂಟೆ ಎಳೆಯುತ್ತಿದ್ದೆ, ಆದರೆ ಉಪ್ಪಿನ ವಿಷಯ ಬಿಟ್ಟುಬಿಡುತ್ತಿದ್ದೆ ಎಂದು ಒಗಾಡನಿಗೆ ಅನ್ನಿಸಿತು.

ಮುಂದಿನ ವಾರ ಕೇಂದ್ರಕ್ಕೆ ಹೋದಾಗ ಮಿಲ್ಕಾ ಏನೂ ಬೈಯದೆ ಮೊದಲ ದಿನದ ಅಭ್ಯಾಸ ತೆಗೆದು ಮುಂದಿಟ್ಟಳು. ಆಗಷ್ಟೇ ಶಾಲೆ ಮುಗಿಸಿದ ಹುಡುಗಿಯರ ನಡುವೆ ಕೂತು ಅವನು ಸರಿಸಂಖ್ಯೆಗಳ ಲೂಪು ಬರೆದ. ಅದು ನಿಲ್ಲಲೇ ಇಲ್ಲ, ಲ್ಯಾಪ್‌ಟಾಪ್ ಬಿಸಿಯಾಗಿ ಆರಿಹೋಯಿತು. ಮತ್ತೆ ಬರೆದ. ಈ ಸಲ ಶುರುವಾಗಲೇ ಇಲ್ಲ. ಹುಡುಗಿಯರು ಕಿಸಕ್ಕೆಂದರು. ಕೊನೆಗೊಂದು ದಿನ ಸಂಖ್ಯೆಗಳು ಒಂದರ ಕೆಳಗೊಂದು ಶಿಸ್ತಾಗಿ ಇಳಿದು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಾಗ, ಅವನು ಯಾರಿಗೂ ಕೂಗಿ ಹೇಳದೆ ಬಹಳ ಹೊತ್ತು ಅದನ್ನೇ ನೋಡುತ್ತ ಕೂತ.

ಇಷ್ಟಕ್ಕೆ ಬಿಟ್ಟಿದ್ದರೆ ಅವನು ಉದ್ಧಾರವಾಗುತ್ತಿದ್ದನೇನೋ. ಆದರೆ ಸತ್ತು ಬದುಕಿದ ಕುಲದ ಕಥೆ ಹೊರದೇಶದ ದಾನಿಗಳ ಕಿವಿಗೆ ಬಿತ್ತು. ಸೋಲಿನಿಂದ ಕಲಿತವರು ಅವರಿಗೆ ಬಲು ಇಷ್ಟ, ಕಲಿತದ್ದೆಷ್ಟು ಎಂದು ಕೇಳುವ ಪದ್ಧತಿ ಅವರಲ್ಲಿಲ್ಲ. ಒಗಾಡನನ್ನು ವೇದಿಕೆಗೆ ಕರೆದರು. ಅವನು ಮಾತಾಡಿದ, ಅವರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಕೇಂದ್ರದ ಬಾಗಿಲಲ್ಲಿ ಅವನದೊಂದು ಆಳೆತ್ತರದ ಚಿತ್ರ ಬಂತು. ಆ ತಿಂಗಳ ಪರೀಕ್ಷೆಯಲ್ಲಿ ಅವನು ನಪಾಸಾದ.

ಮೊನ್ನೆ ಬಂದ ಅತಿಥಿಯೊಬ್ಬರು ಚಿತ್ರ ನೋಡಿ, ಒಗಾಡನ ಕೈ ಕುಲುಕಿ, ಪಕ್ಕದಲ್ಲಿದ್ದ ಮಿಲ್ಕಾಳನ್ನು, "ನೀವು ಇವರ ಶಿಷ್ಯೆಯೇ?" ಎಂದು ಕೇಳಿದರು.

"ಅಲ್ಲ ಸ್ವಾಮಿ," ಎಂದ ಒಗಾಡ. "ನಾನು ಅವರ ಶಿಷ್ಯ. ಅದೂ ಹಿಂದಿನ ಬೆಂಚಿನವನು."

ಎಂಥ ವಿನಯ ಎಂದು ಅತಿಥಿಗಳ ಕಣ್ಣು ತುಂಬಿತು. ಅವನ ಜೊತೆ ನಿಂತು ಇನ್ನೊಂದು ಫೋಟೊ ತೆಗೆಸಿಕೊಂಡರು. ತೆಗೆದವಳು ಮಿಲ್ಕಾ.